ಕುಂಬಳಕಾಯಿ ಕಳ್ಳ, ಹೆಗಲು ಮತ್ತು ನಾನು

ಎಡತೋಳಿನ ಬಿಪಿ ಪಟ್ಟಿ ಇಷ್ಟು ಹೊತ್ತು ಬಿಗಿಯಾಗೇ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಡಾಕ್ಟರ ಹತ್ತಿರ ಹೋದರೆ ಅರ್ಧ ನಿಮಿಷ ಹಿಂಡಿ ಬಿಟ್ಟುಬಿಡುತ್ತಾರೆ. ಇಲ್ಲಿ, ಪಾಲಿಗ್ರಾಫ್ ಎಂಬ ಸುಳ್ಳು ಪತ್ತೆ ಯಂತ್ರದ ಕುರ್ಚಿಯಲ್ಲಿ, ಒಂದು ಸುತ್ತು ಪ್ರಶ್ನೆ ಮುಗಿಯುವ ತನಕ ಬಿಡುವುದಿಲ್ಲ. ಮೂರನೇ ನಿಮಿಷಕ್ಕೆ ಬೆರಳ ತುದಿ ಜುಮ್ಮೆನ್ನತೊಡಗಿತು. ನಾಲ್ಕನೆಯದಕ್ಕೆ ಕೈ ನನ್ನದೇ ಅಲ್ಲವೇನೋ ಅನ್ನಿಸಿತು. ಎದೆಗೊಂದು, ಹೊಟ್ಟೆಗೊಂದು ಸುರುಳಿ ಸುರುಳಿ ರಬ್ಬರ್ ಕೊಳವೆ. ಬಲಗೈಯ ಎರಡು ಬೆರಳಿಗೆ ಲೋಹದ ಬಿಲ್ಲೆ. ಕೂತ ಸೀಟಿನ ಕೆಳಗೂ ಒಂದು ಪಟ್ಟಿ, ಅಲ್ಲಾಡಿದರೆ ಗೊತ್ತಾಗಲಿ ಎಂದು. ಎದುರಿಗೆ ಖಾಲಿ ಗೋಡೆ. ಪಕ್ಕದಲ್ಲಿ, ಕಣ್ಣಿಗೆ ಕಾಣದ ಕಡೆ, ಕೀಬೋರ್ಡ್ ಸದ್ದು.

'ನೀವು ಕೆಲಸ ಮಾಡಿದ ಜಾಗದಿಂದ ಏನನ್ನಾದರೂ ಕದ್ದಿದ್ದೀರಾ?'

'ಇಲ್ಲ.'

ಹೇಳಿದ ಕೂಡಲೇ ನೆನಪಾಗಿದ್ದು ಕುಂಬಳಕಾಯಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅದೇ. ನಮ್ಮವರು ಕಂಡುಹಿಡಿದ ಪಾಲಿಗ್ರಾಫ್ ಅದು. ನಯಾಪೈಸೆ ಖರ್ಚಿಲ್ಲ. ಆದರೆ ಆ ಗಾದೆಯಲ್ಲಿ ಒಂದು ತೊಂದರೆ ಇದೆ. ಗಾದೆ ಗೊತ್ತಿರುವವನು ಕದಿಯದೇ ಇದ್ದರೂ, ಅಯ್ಯೋ ಹೆಗಲ ಕಡೆ ಕೈ ಹೋಗಬಾರದು ಎಂದು ಒದ್ದಾಡುತ್ತಾನೆ. ಆ ಕುರ್ಚಿಯಲ್ಲಿ ನಾನು ಒದ್ದಾಡಿದ್ದು ಹಾಗೆ. ಹಾಗಂತ ನನ್ನ ಹೆಗಲ ಮೇಲೆ ಬೂದಿ ಪೂರ್ತಿ ಇರಲೇ ಇಲ್ಲ ಎನ್ನುವ ಹಾಗೂ ಇಲ್ಲ.

ನಾನು ಹಾಸನ ಜಿಲ್ಲೆಯವನು. ಅಮ್ಮ ನರ್ಸ್. ಅವರಿಗೆ ಟೆಕ್ಸಾಸ್‌ನಲ್ಲಿ ಕೆಲಸ ಸಿಕ್ಕಾಗ ನಾನು ಪಿಯುಸಿ ಮುಗಿಸಿದ್ದೆ. ಗ್ರೀನ್ ಕಾರ್ಡ್ ಅವರ ಜೊತೆಗೇ ಬಂತು. 2013ರಲ್ಲಿ ಅಮೆರಿಕದ ಸೇನೆಗೆ ಸೇರಿದೆ. ಗ್ರೀನ್ ಕಾರ್ಡ್ ಇದ್ದರೆ ಸೇರಬಹುದು, ಸೇರಿದರೆ ಪೌರತ್ವ ಬೇಗ ಸಿಗುತ್ತದೆ. ಸೌತ್ ಕ್ಯಾರೊಲಿನಾದ ಫೋರ್ಟ್ ಜಾಕ್ಸನ್‌ನಲ್ಲಿ ಹತ್ತು ವಾರ ತರಬೇತಿ. ಅಮೆರಿಕ ಸರ್ಕಾರದ ಪಾಲಿಗ್ರಾಫ್ ಪರೀಕ್ಷಕರನ್ನು ತಯಾರು ಮಾಡುವ ಶಾಲೆ ಇರುವುದೂ ಅದೇ ಫೋರ್ಟ್ ಜಾಕ್ಸನ್‌ನಲ್ಲಿ. ಇದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷಗಳ ಮೇಲೆ. ನಾನು ಪುಷಪ್ ಹೊಡೆಯುತ್ತಿದ್ದಾಗ ಪಕ್ಕದಲ್ಲೇ ಎಲ್ಲೋ ಯಾರೋ ನನ್ನಂಥವರ ಬಾಯಿ ಬಿಡಿಸುವುದನ್ನು ಕಲಿಯುತ್ತಿದ್ದರು.

ನನಗೆ ಸಿಕ್ಕಿದ್ದು ಸಪ್ಲೈ ಕೆಲಸ. ಯೂನಿಟ್‌ನ ಸಾಮಾನಿನ ಲೆಕ್ಕ ಇಡುವುದು. ಟೆಂಟಿನಿಂದ ಹಿಡಿದು ರಾತ್ರಿ ಕಾಣುವ ಕನ್ನಡಕದವರೆಗೆ ಎಲ್ಲಕ್ಕೂ ಪಟ್ಟಿ, ಎಲ್ಲಕ್ಕೂ ಸಹಿ. ಆದರೆ ಬ್ಯಾಟರಿ, ಟೇಪು, ಬಳಪದಂಥವಕ್ಕೆ ಹಾಗಿಲ್ಲ. ಅವು ಖರ್ಚಾಗುವ ಸಾಮಾನು. ಒಮ್ಮೆ ಕೊಟ್ಟರೆ ಮುಗಿಯಿತು, ಎಲ್ಲಿ ಹೋಯ್ತು ಎಂದು ಯಾರೂ ಕೇಳುವುದಿಲ್ಲ. ಫೀಲ್ಡ್ ಮುಗಿಸಿ ಬಂದಾಗ ಜೇಬಿನಲ್ಲಿ ನಾಲ್ಕು ಡಬಲ್ ಎ ಬ್ಯಾಟರಿ ಉಳಿದಿದ್ದರೆ ಅವು ಮನೆಗೆ ಬಂದು ಟಿವಿ ರಿಮೋಟ್ ಸೇರುತ್ತಿದ್ದವು. ನನ್ನದಷ್ಟೇ ಏನು, ಎಲ್ಲರದ್ದೂ.

2017ರಲ್ಲಿ ಪೂರ್ಣಾವಧಿ ಸೇವೆ ಮುಗಿಯಿತು. ರಿಸರ್ವ್‌ಗೆ, ಅಂದರೆ ಮೀಸಲು ಪಡೆಗೆ, ಹೆಸರು ಕೊಟ್ಟೆ. ತಿಂಗಳಿಗೆ ಒಂದು ವಾರಾಂತ್ಯ ಡ್ರಿಲ್, ಉಳಿದ ದಿನ ನಮ್ಮ ಪಾಡು ನಮ್ಮದು. 2019ರಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಪೊಲೀಸ್ ಮಾದರಿಯ ಹುದ್ದೆಗೆ ಅರ್ಜಿ ಹಾಕಿದೆ. ಯಾವ ಇಲಾಖೆ ಅಂತ ಹೇಳುವುದಿಲ್ಲ. ಬರವಣಿಗೆ ಪರೀಕ್ಷೆ, ಓಟ, ಮೆಡಿಕಲ್ ಎಲ್ಲ ದಾಟಿದ ಮೇಲೆ ಪಾಲಿಗ್ರಾಫ್‌ಗೆ ಕರೆ ಬಂತು.

ಖಾಸಗಿ ಕಂಪನಿಗಳು ಕೆಲಸಕ್ಕೆ ತೆಗೆದುಕೊಳ್ಳುವಾಗ ಈ ಯಂತ್ರ ಕಟ್ಟುವುದನ್ನು ಅಮೆರಿಕ 1988ರಲ್ಲೇ ಹೆಚ್ಚುಕಡಿಮೆ ನಿಷೇಧಿಸಿದೆ. ಆ ಕಾನೂನು ಮಾಡಿದ ಸರ್ಕಾರ ತನಗೆ ಮಾತ್ರ ವಿನಾಯಿತಿ ಇಟ್ಟುಕೊಂಡಿತು. ಗಡಿ ಕಾಯುವ ಹುದ್ದೆಗಳಿಗಂತೂ 2010ರ ಒಂದು ಕಾಯ್ದೆ ಇದನ್ನು ಕಡ್ಡಾಯವೇ ಮಾಡಿತು. ಊರವರಿಗೆಲ್ಲ ಬೇಡವಾದ ಮದ್ದು ಮನೆಯವರಿಗೆ ಬೇಕಂತೆ.

ಪರೀಕ್ಷಕರು ಐವತ್ತು ದಾಟಿದ ಮನುಷ್ಯ. ತುಂಬ ಒಳ್ಳೆಯ ಮಾತು. ನೀರು ಬೇಕಾ, ಎಸಿ ಜಾಸ್ತಿ ಆಯ್ತಾ, ರಾತ್ರಿ ನಿದ್ದೆ ಬಂತಾ ಎಂದೆಲ್ಲ ವಿಚಾರಿಸಿದರು. ಮೊದಲು ಕಾಗದಗಳು. ಈ ಪರೀಕ್ಷೆಗೆ ನಾನಾಗಿಯೇ ಒಪ್ಪಿದ್ದೇನೆ, ಬೇಡವೆಂದರೆ ಎದ್ದು ಹೋಗಬಹುದು ಎಂದಿತ್ತು. ಎದ್ದು ಹೋದರೆ ಅರ್ಜಿಯೂ ಎದ್ದು ಹೋಗುತ್ತದೆ ಎಂಬುದು ಬೇರೆ ಮಾತು. ಎರಡನೇ ಪುಟದ ಕೆಳಗೆ ಇನ್ನೊಂದು ಸಾಲಿತ್ತು: ಇಲ್ಲಿ ಹೇಳಿದ ಮಾಹಿತಿಯನ್ನು ಬೇರೆ ತನಿಖಾ ಸಂಸ್ಥೆಗಳ ಜೊತೆ ಹಂಚಿಕೊಳ್ಳಬಹುದು. ಓದಿದೆ. ಆ ಬೇರೆ ಸಂಸ್ಥೆ ಎಂದರೆ ಯಾವುದೋ ಭಯೋತ್ಪಾದಕರನ್ನು ಹಿಡಿಯುವವರು ಇರಬೇಕು ಎಂದುಕೊಂಡು ಸಹಿ ಹಾಕಿದೆ. ನನ್ನದೇ ರಿಸರ್ವ್ ಯೂನಿಟ್ಟಿನ ಬಾಗಿಲು ಆ ಸಾಲಿನಲ್ಲಿದೆ ಎಂದು ಹೊಳೆಯಲಿಲ್ಲ.

ವೈರು ಕಟ್ಟುವ ಮುಂಚೆ ಒಂದೂವರೆ ಗಂಟೆ ಬರೀ ಮಾತು. ಕೇಳುವ ಪ್ರಶ್ನೆಗಳನ್ನೆಲ್ಲ ಮೊದಲೇ ಓದಿ ಹೇಳುತ್ತಾರೆ. ಆಮೇಲೆ ಒಂದು ಚಿಕ್ಕ ಆಟ. ಒಂದು ಅಂಕಿ ಬರೆಯಿರಿ ಎಂದರು. ನಾನು 3 ಎಂದು ಬರೆದೆ. ಈಗ ನಾನು ಒಂದೊಂದೇ ಅಂಕಿ ಕೇಳ್ತೀನಿ, ಎಲ್ಲದಕ್ಕೂ ಇಲ್ಲ ಅನ್ನಿ ಎಂದರು. ಅಂದೆ. ಪರದೆ ತಿರುಗಿಸಿ ತೋರಿಸಿದರು: '3 ಅಂದಾಗ ನೋಡಿ, ಗೆರೆ ಹೇಗೆ ಎದ್ದಿದೆ. ನಿಮ್ಮ ದೇಹಕ್ಕೆ ಸುಳ್ಳು ಹೇಳೋಕೆ ಬರೋದೇ ಇಲ್ಲ.' ಬರೆದಿದ್ದ ಅಂಕಿ ಅವರ ಕಣ್ಣೆದುರೇ ಇತ್ತು. ಆದರೂ ನಾನು ನಂಬಿಬಿಟ್ಟೆ. ಈಗ ಯೋಚಿಸಿದರೆ ಆ ದಿನದ ಮುಖ್ಯ ಕೆಲಸ ಅಲ್ಲಿಗೇ ಮುಗಿದಿತ್ತು.

ಮೂರು ಸುತ್ತು ಆಯಿತು. ಪಟ್ಟಿಯ ಗಾಳಿ ಬಿಟ್ಟರು. ಪರೀಕ್ಷಕರು ಹೊರಗೆ ಹೋಗಿ ಹತ್ತು ನಿಮಿಷ ಬಿಟ್ಟು ಬಂದರು. ಕುರ್ಚಿಯನ್ನು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರ ಎಳೆದುಕೊಂಡರು.

'ಡ್ರಗ್ಸ್ ಬಗ್ಗೆ ನೀವು ಶುದ್ಧ. ಬೇರೆ ದೇಶದ ಸಂಪರ್ಕ, ಅದೂ ಸರಿ. ಕಳ್ಳತನದ ಪ್ರಶ್ನೆ ಮಾತ್ರ ನಿಮ್ಮನ್ನ ಕಾಡ್ತಾ ಇದೆ. ಏನೋ ಸಣ್ಣದು ಮನಸ್ಸಲ್ಲಿದೆ ಅಲ್ವಾ?'

ಅದೇ, ಹೆಗಲು.

ಸಣ್ಣದು ಎಂದ ಮೇಲೆ ಸಣ್ಣದು ಹೇಳಿದರಾಯಿತು ಎಂದುಕೊಂಡೆ. ಬ್ಯಾಟರಿಯ ಕಥೆ ಹೇಳಿದೆ. ಒಂದು ಹೆಡ್‌ಲ್ಯಾಂಪ್ ಹೇಳಿದೆ. ಒಂದು ಪೊಂಚೋ ಲೈನರ್ ಹೇಳಿದೆ. ಸೇನೆಯಲ್ಲಿ ಇದ್ದವರಿಗೆ ಗೊತ್ತು, ಅದು ಹಸಿರು ಬಣ್ಣದ ತೆಳ್ಳನೆ ರಜಾಯಿ, ಹೊದ್ದರೆ ಅಜ್ಜಿಯ ಕೌದಿಯ ಸುಖ. ಯಾರೋ ಬಿಟ್ಟುಹೋಗಿದ್ದು ಸ್ಟೋರಿನಲ್ಲಿ ಬಿದ್ದಿತ್ತು. ನನಗೆ ಕೊಟ್ಟಿದ್ದನ್ನು ವಾಪಸ್ ಮಾಡಿ ಇದನ್ನು ಇಟ್ಟುಕೊಂಡಿದ್ದೆ.

'ಒಟ್ಟು ಎಷ್ಟು ಡಾಲರ್ ಆಗಬಹುದು?'

'ನೂರು, ನೂರೈವತ್ತು.'

'ನಾಲ್ಕು ವರ್ಷದ್ದು ಸೇರಿಸಿ. ಇನ್ನೂರು? ಐನೂರು? ಸಾವಿರ ದಾಟಿಲ್ಲ ಅಂತ ಖಚಿತವಾಗಿ ಹೇಳ್ತೀರಾ?'

'ಖಚಿತವಾಗಿ ಅಂದ್ರೆ... ಲೆಕ್ಕ ಇಟ್ಟಿಲ್ಲ ಸರ್.'

'ಹಾಗಾದ್ರೆ ಸಾವಿರದವರೆಗೂ ಇರಬಹುದು.'

ನಾನು ತಲೆ ಆಡಿಸಿದೆ. ನಮ್ಮ ಕಡೆಯ ತಲೆ ಆಡಿಸುವಿಕೆ. ಹೌದೂ ಅಲ್ಲ, ಇಲ್ಲವೂ ಅಲ್ಲ, ನೀವು ಹೇಳ್ತಿರೋದು ಕೇಳಿಸ್ತಿದೆ ಎಂಬುದು. ಅವರು ಬರೆದುಕೊಂಡರು.

ಮನಸ್ಸು ಹಗುರವಾದ ಹಾಗಾಯಿತು. ಆ ಹಗುರದಲ್ಲೇ ಇನ್ನೊಂದೂ ಹೇಳಿಬಿಟ್ಟೆ, ಅವರು ಕೇಳಿಯೂ ಇರಲಿಲ್ಲ. 2016ರಲ್ಲಿ ಒಂದು ತಿಂಗಳು ರಾತ್ರಿ ಕನ್ನಡಕಗಳ ಎಣಿಕೆಗೆ ಪೆಟ್ಟಿಗೆ ತೆರೆಯದೇ ಸಹಿ ಹಾಕಿದ್ದೆ. ಪ್ರತಿಯೊಂದರ ನಂಬರ್ ಕಣ್ಣಾರೆ ನೋಡಿ ಬರೆಯಬೇಕು. ಅವತ್ತು ಶುಕ್ರವಾರ, ಸಾರ್ಜೆಂಟ್ ಅವಸರ, ಹೋದ ತಿಂಗಳ ಹಾಳೆ ನೋಡಿ ಇಳಿಸಿದೆ. ಇದು ತಪ್ಪು. ಬ್ಯಾಟರಿಗಿಂತ ದೊಡ್ಡ ತಪ್ಪು. ಇವತ್ತಿಗೂ ಹಾಗೇ ಅನ್ನುತ್ತೇನೆ.

ಹೊರಡುವಾಗ ಪರೀಕ್ಷಕರು ಕೈ ಕುಲುಕಿ 'ಪ್ರಾಮಾಣಿಕವಾಗಿದ್ದಕ್ಕೆ ಥ್ಯಾಂಕ್ಸ್' ಎಂದರು. ಮೂರು ವಾರಕ್ಕೆ ನಾನು ಆ ಕೆಲಸಕ್ಕೆ ಸೂಕ್ತನಲ್ಲ ಎಂಬ ಪತ್ರ ಬಂತು. ಅಮ್ಮನಿಗೆ ನಡೆದದ್ದು ಹೇಳಿದೆ. 'ಅಲ್ಲೋ, ಕೇಳದೇ ಇದ್ದಿದ್ದನ್ನೂ ಹೇಳಿ ಬಂದ್ಯಾ? ಬಾಯಿ ಬಿಟ್ರೆ ಬಣ್ಣಗೇಡು ಅಂತ ಚಿಕ್ಕಂದಿನಿಂದ ಬಡ್ಕೊಂಡೆ' ಎಂದರು. ಅವತ್ತು ಸಂಜೆಯೇ ರಿಮೋಟಿನ ಬ್ಯಾಟರಿ ತೆಗೆದು ಅಂಗಡಿಯಿಂದ ತಂದದ್ದು ಹಾಕಿದರು.

ನಾಲ್ಕು ತಿಂಗಳು ಕಳೆಯಿತು. ಡ್ರಿಲ್ ವಾರಾಂತ್ಯದಲ್ಲಿ ಫಸ್ಟ್ ಸಾರ್ಜೆಂಟ್ ಕರೆದು, ಸೇನೆಯ ತನಿಖೆಯವರು ನಿನ್ನ ಹತ್ತಿರ ಮಾತಾಡಬೇಕಂತೆ ಎಂದರು. ಅಮೆರಿಕದಲ್ಲಿ ಭೂಸೇನೆಗೆ ಸಿಐಡಿ, ನೌಕಾಪಡೆಗೆ ಎನ್‌ಸಿಐಎಸ್, ವಾಯುಪಡೆಗೆ ಓಎಸ್‌ಐ, ಹೀಗೆ ಬೇರೆ ಬೇರೆ ಅಪರಾಧ ತನಿಖಾ ವಿಭಾಗಗಳಿವೆ. ಸಿವಿಲ್ ಡ್ರೆಸ್‌ನಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಒಂದು ಹಾಳೆ ಮುಂದಿಟ್ಟರು. ಡಿಎ ಫಾರ್ಮ್ 3881, ಅನುಮಾನಕ್ಕೆ ಸಿಕ್ಕವನಿಗೆ ಅವನ ಹಕ್ಕು ತಿಳಿಸುವ ಹಾಳೆ. ಅದರಲ್ಲಿ ನನ್ನ ಮೇಲಿನ ಅನುಮಾನ ಬರೆದಿತ್ತು: ಸೇನೆಯ ಸ್ವತ್ತಿನ ಕಳ್ಳತನ, ಕಲಂ 121. ಸುಳ್ಳು ಅಧಿಕೃತ ಹೇಳಿಕೆ, ಕಲಂ 107. ಸೇನಾ ದಂಡಸಂಹಿತೆಯವು ಇವು.

ಅದೇ ಸಂಹಿತೆಯ 31ನೇ ಕಲಂ ಪ್ರಕಾರ, ಸೈನಿಕನನ್ನು ಅನುಮಾನದ ಮೇಲೆ ಪ್ರಶ್ನಿಸುವ ಮುನ್ನ ಯಾವ ಅಪರಾಧ ಎಂದು ಹೇಳಬೇಕು, ಸುಮ್ಮನಿರುವ ಹಕ್ಕಿದೆ ಎಂದೂ ಹೇಳಬೇಕು. ಸಿನಿಮಾದಲ್ಲಿ ಪೊಲೀಸರು ಓದುವ ಮಿರಾಂಡಾ ಎಚ್ಚರಿಕೆ ಹುಟ್ಟಿದ್ದು 1966ರಲ್ಲಿ. ಸೈನಿಕರಿಗೆ ಈ ರಕ್ಷಣೆ 1951ರಿಂದಲೇ ಇದೆ. ಹಾಗಾದರೆ ಆ ಪಾಲಿಗ್ರಾಫ್ ಕೋಣೆಯಲ್ಲಿ ಯಾಕೆ ಯಾರೂ ಇದನ್ನು ಓದಲಿಲ್ಲ? ಕೇಳಿದವರು ಸೈನಿಕರಲ್ಲ, ಸೇನೆಯ ಪರವಾಗಿ ಕೇಳಿದ್ದೂ ಅಲ್ಲ. ಅವರು ಕೆಲಸ ಕೊಡುವ ಇಲಾಖೆಯವರು. ನಾನು ಬಂಧನದಲ್ಲೂ ಇರಲಿಲ್ಲ, ಆದ್ದರಿಂದ ಮಿರಾಂಡಾವೂ ಬೇಕಿಲ್ಲ. ಎರಡು ಬೇಲಿಗಳ ನಡುವೆ ಒಂದು ಸಂದು ಇರುತ್ತದಲ್ಲ, ದನ ನುಗ್ಗುವುದೇ ಅಲ್ಲಿ. ನಾನು ನುಗ್ಗಿದ್ದೆ.

ಈ ಸಲ ಬಾಯಿ ಬಿಡಲಿಲ್ಲ. 'ವಕೀಲರು ಬೇಕು' ಎನ್ನುವ ಕಡೆ ಗುರುತು ಹಾಕಿ ಸಹಿ ಮಾಡಿದೆ. ಅವರು ಗದರಲಿಲ್ಲ, ಒತ್ತಾಯವನ್ನೂ ಮಾಡಲಿಲ್ಲ. ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ ಹತ್ತೂ ಬೆರಳಿನ ಗುರುತು ತೆಗೆದುಕೊಂಡರು, ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದರು, ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಆಡಿಸಿದರು. ನಾಲ್ಕು ಬ್ಯಾಟರಿಗೆ ಡಿಎನ್‌ಎ! ನಗಬೇಕು ಅನ್ನಿಸಿತು. ಬಾಯಲ್ಲಿ ಕಡ್ಡಿ ಇತ್ತು.

ಸೇನೆಯಲ್ಲಿ ಆರೋಪಿಗಳ ಪರ ವಾದಿಸಲು ಟ್ರಯಲ್ ಡಿಫೆನ್ಸ್ ಸರ್ವಿಸ್ ಎಂಬ ವಕೀಲರ ಪಡೆಯಿದೆ. ಫೀಸಿಲ್ಲ. ನನಗೆ ಸಿಕ್ಕವರು ಒಬ್ಬ ಕ್ಯಾಪ್ಟನ್, ನನಗಿಂತ ಎರಡು ವರ್ಷ ಚಿಕ್ಕವರು. ಫೈಲು ಮೊದಲು ಕಂಡಿದ್ದು ಅವರ ಮೇಜಿನ ಮೇಲೆ. ಪರೀಕ್ಷಕರ ವರದಿಯಲ್ಲಿ ನನ್ನ ಬಗ್ಗೆ ಒಂದು ಪ್ಯಾರಾ. 'ಅಭ್ಯರ್ಥಿಯು 1,000 ಡಾಲರ್‌ವರೆಗಿನ ಸರ್ಕಾರಿ ಸ್ವತ್ತು ಕದ್ದಿರುವುದಾಗಿಯೂ, ಸೂಕ್ಷ್ಮ ಉಪಕರಣಗಳ ದಾಖಲೆ ತಿದ್ದಿರುವುದಾಗಿಯೂ ಒಪ್ಪಿಕೊಂಡಿದ್ದಾರೆ' ಎಂಬ ಅರ್ಥದ ಮಾತು. ಬ್ಯಾಟರಿ ಎಂಬ ಶಬ್ದ ಎಲ್ಲೂ ಇಲ್ಲ. ರಜಾಯಿ ಇಲ್ಲ. ಶುಕ್ರವಾರ ಇಲ್ಲ. ನಾನು ತಲೆ ಆಡಿಸಿದ್ದು ಒಂದು ಸಾವಿರವಾಗಿ ಕೂತಿತ್ತು. ಆ ಸಾವಿರಕ್ಕೂ ತೂಕ ಇತ್ತು. ನಾನು ಸೇವೆಯಲ್ಲಿದ್ದಾಗಿನ ನಿಯಮದಂತೆ ಸೇನೆಯ ಸ್ವತ್ತು 500 ಡಾಲರ್ ದಾಟಿದರೆ ಶಿಕ್ಷೆಯ ಮಿತಿ ಒಂದು ವರ್ಷದಿಂದ ಹತ್ತು ವರ್ಷಕ್ಕೆ ಹಾರುತ್ತಿತ್ತು.

'ನಾನು ಪಾಲಿಗ್ರಾಫ್ ಫೇಲ್ ಆಗಿದ್ದು ಕೋರ್ಟಲ್ಲಿ ಬರುತ್ತಾ?' ಎಂದು ಕೇಳಿದೆ.

'ಬರಲ್ಲ. ಸೇನಾ ಕೋರ್ಟಿನಲ್ಲಿ 707ನೇ ನಿಯಮ ಇದೆ. ಪಾಸೋ ಫೇಲೋ, ಪರೀಕ್ಷೆ ತಗೊಂಡ್ರು ಅನ್ನೋದನ್ನೂ ಹೇಳೋ ಹಾಗಿಲ್ಲ.'

'ಮತ್ತೆ ನಾನು ಹೇಳಿದ್ದು?'

'ಅದು ಬರಬಹುದು. ಅದೇ ನಿಯಮದ ಕೆಳಗೆ ಬರೆದಿದೆ. ಪರೀಕ್ಷೆ ನಡೆಯುವಾಗ ಆಡಿದ ಮಾತಿಗೆ ಈ ನಿಷೇಧ ಇಲ್ಲ.'

ಆ ನಿಯಮದ ಚರಿತ್ರೆಯನ್ನು ಆಮೇಲೆ ಓದಿದೆ. ಶೆಫರ್ ಎಂಬ ವಾಯುಪಡೆಯ ಸೈನಿಕನ ಮೂತ್ರ ಪರೀಕ್ಷೆಯಲ್ಲಿ ಡ್ರಗ್ಸ್ ಕಂಡಿತ್ತು. ಅವನು ಪಾಲಿಗ್ರಾಫ್‌ನಲ್ಲಿ ಪಾಸಾಗಿದ್ದ. ಅದನ್ನು ನನ್ನ ಪರ ಸಾಕ್ಷಿಯಾಗಿ ತೆಗೆದುಕೊಳ್ಳಿ ಎಂದ. 1998ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಗುವುದಿಲ್ಲ ಎಂದಿತು. ಯಂತ್ರವನ್ನು ನಂಬಬಹುದು ಎಂಬ ಬಗ್ಗೆ ಒಮ್ಮತವೇ ಇಲ್ಲವಲ್ಲ ಎಂಬುದು ಒಂದು ಕಾರಣ. ಅಂದರೆ ಅವನು ಸತ್ಯವಂತ ಎಂದು ಯಂತ್ರ ಹೇಳಿದರೆ ಕೋರ್ಟಿಗೆ ಬೇಡ. ಆ ಯಂತ್ರಕ್ಕೆ ಹೆದರಿ ನಾನು ಬಾಯಿಬಿಟ್ಟರೆ ಮಾತ್ರ ಬೇಕು. ಹಗ್ಗ ಹಾವಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಹಗ್ಗ ನೋಡಿ ಕಿರುಚಿದ್ದನ್ನು ಬರೆದುಕೊಳ್ಳುತ್ತಾರೆ.

ಹಾಸನದಲ್ಲಿ ವಕೀಲರಾಗಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿದೆ. ಅವರ ಮೊದಲ ಮಾತೇ ಸೆಲ್ವಿ. 'ಸೆಲ್ವಿ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ, 2010. ನಮ್ಮ ಸುಪ್ರೀಂ ಕೋರ್ಟು ಒಪ್ಪಿಗೆ ಇಲ್ದೆ ಇದನ್ನ ಮಾಡೋ ಹಾಗೇ ಇಲ್ಲ ಅಂದಿದೆ ಕಣೋ. ನಾರ್ಕೋನೂ ಇಲ್ಲ, ಇದೂ ಇಲ್ಲ.' ಖುಷಿಯಾಯಿತು. ಅಷ್ಟರಲ್ಲಿ ಅವರೇ ಕೇಳಿದರು: 'ನೀನು ಒಪ್ಪಿ ಸಹಿ ಹಾಕಿದ್ಯಾ?' ಹೂಂ ಮಾವ ಎಂದೆ. 'ಹಾಗಾದ್ರೆ ಸೆಲ್ವಿ ನಿನ್ನ ಕೈ ಹಿಡಿಯಲ್ಲ ಬಿಡು. ಊಟ ಆಯ್ತಾ?' ಎಂದರು.

ನನ್ನ ಕೈ ಹಿಡಿದದ್ದು 304ನೇ ನಿಯಮ. ಒಬ್ಬ ಮನುಷ್ಯ ತಾನೇ ಒಪ್ಪಿಕೊಂಡ ಎಂಬಷ್ಟಕ್ಕೇ ಸೇನಾ ಕೋರ್ಟು ಅವನನ್ನು ಶಿಕ್ಷಿಸುವಂತಿಲ್ಲ. ಆ ಮಾತು ನಿಜ ಎನ್ನಲು ಬೇರೆ ಕಡೆಯಿಂದ ಏನಾದರೂ ಪುರಾವೆ ಬೇಕು. ಕ್ಯಾಪ್ಟನ್ ಅದನ್ನು ಹಿಡಿದು ಕೂತರು. ನನಗೆ ಮೊದಲು ಕೇಳಿದ್ದೇ 'ಒಟ್ಟು ಎಷ್ಟು ಬ್ಯಾಟರಿ, ಎಣಿಸಿ ಹೇಳಿ' ಎಂದು. ಅಲ್ಲಿಯತನಕ ಯಾರೂ ಬ್ಯಾಟರಿ ಎಣಿಸಿರಲಿಲ್ಲ, ಎಲ್ಲರೂ ಡಾಲರ್ ಎಣಿಸಿದ್ದರು. ಬ್ಯಾಟರಿಗೆ ದಾಖಲೆ ಇಲ್ಲ, ಕಳೆದಿದೆ ಎಂದು ಯಾರೂ ದೂರು ಕೊಟ್ಟಿಲ್ಲ. ರಜಾಯಿಯ ಲೆಕ್ಕದಲ್ಲಿ ನಾನು ವಾಪಸ್ ಕೊಟ್ಟ ಚೀಟಿ ಇತ್ತು. ರಾತ್ರಿ ಕನ್ನಡಕಗಳು ಮುಂದಿನ ತಿಂಗಳ ಎಣಿಕೆಯಲ್ಲಿ ಒಂದೂ ಬಿಡದೆ ಸಿಕ್ಕಿದ್ದವು.

ಇನ್ನೊಂದು ಮಾತನ್ನೂ ಅವರು ಹೇಳಿದರು. ನಾನು ರಿಸರ್ವ್‌ಗೆ ಸೇರದೆ ಪೂರ್ತಿ ಬಿಡುಗಡೆ ಪಡೆದು ಮನೆಗೆ ಹೋಗಿದ್ದರೆ ಸೇನಾ ಕೋರ್ಟಿನ ಕೈ ನನಗೆ ತಾಗುತ್ತಲೇ ಇರಲಿಲ್ಲ. 1955ರಲ್ಲೇ ಸುಪ್ರೀಂ ಕೋರ್ಟು ಹಾಗೆ ತೀರ್ಪು ಕೊಟ್ಟಿದೆ. ರಿಸರ್ವ್‌ನಲ್ಲಿ ಇರುವವರನ್ನು ಮಾತ್ರ ಹಳೆಯ ಪೂರ್ಣಾವಧಿ ಸೇವೆಯ ತಪ್ಪಿಗಾಗಿ ಮತ್ತೆ ಕರೆಸಿಕೊಳ್ಳಬಹುದು. ದೇಶಕ್ಕೆ ಇನ್ನೂ ಸ್ವಲ್ಪ ದಿನ ಇರೋಣ ಎಂದು ಇದ್ದವನಿಗೆ ಸಿಕ್ಕ ಬೋನಸ್ಸು.

ಕಾಯುವ ತಿಂಗಳುಗಳಲ್ಲಿ ನಾನು ಓದದ ಕಾಗದವಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2003ರಲ್ಲಿ ಪಾಲಿಗ್ರಾಫ್ ಬಗ್ಗೆ ದೊಡ್ಡ ವರದಿ ಕೊಟ್ಟಿತ್ತು. ಅದರಲ್ಲಿ ಒಂದು ಲೆಕ್ಕವಿದೆ. ಹತ್ತು ಸಾವಿರ ನೌಕರರಲ್ಲಿ ಹತ್ತು ಜನ ಗೂಢಚಾರರು ಎಂದಿಟ್ಟುಕೊಳ್ಳಿ. ಅವರಲ್ಲಿ ಎಂಟು ಜನ ಸಿಗುವ ಹಾಗೆ ಯಂತ್ರವನ್ನು ಬಿಗಿ ಮಾಡಿದರೆ, ಏನೂ ಮಾಡದ ಸುಮಾರು 1,600 ಜನ ಅವರ ಜೊತೆ ಫೇಲಾಗುತ್ತಾರೆ. ಇಷ್ಟು ಗೊತ್ತಿದ್ದೂ ಯಾಕೆ ಕಟ್ಟುತ್ತಾರೆ ಎಂದರೆ, ನನ್ನಂಥವರು ಇದ್ದಾರಲ್ಲ, ಅದಕ್ಕೆ. ಜನ ಅಲ್ಲಿ ಬಾಯಿಬಿಡುತ್ತಾರೆ. ಕೆಲವರು ನಿಜಕ್ಕೂ ಭಯಂಕರ ಅಪರಾಧ ಒಪ್ಪಿಕೊಂಡು ಸಿಕ್ಕಿಬಿದ್ದಿದ್ದಾರೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವರನ್ನು ಹಿಡಿದದ್ದು ಗೆರೆಯಲ್ಲ, ಮೊಣಕಾಲಿಗೆ ತಾಗುವ ಆ ಕುರ್ಚಿ.

ಏಳು ತಿಂಗಳಿಗೆ ಕಮಾಂಡರ್ ಕರೆದು, ಕೋರ್ಟು ಇಲ್ಲ, ಎಣಿಕೆಯ ಹಾಳೆಗೆ ಮಾತ್ರ ಬರಹದ ಎಚ್ಚರಿಕೆ ಎಂದರು. ತಲೆ ಬಗ್ಗಿಸಿ ತೆಗೆದುಕೊಂಡೆ. ಮುಗಿಯಿತು ಎಂದುಕೊಂಡೆ. ಮುಂದಿನ ವರ್ಷ ಒಂದು ಗೋದಾಮಿನ ಕೆಲಸಕ್ಕೆ ಹಿನ್ನೆಲೆ ತಪಾಸಣೆ ಮಾಡಿಸಿದಾಗ ಬೆರಳ ಗುರುತು ಎದ್ದು ನಿಂತಿತು. ಸೇನೆಯ ತನಿಖೆಯಲ್ಲಿ ಶಂಕಿತನ ಜಾಗಕ್ಕೆ ನಿಮ್ಮ ಹೆಸರು ಬಂದರೆ ಅದನ್ನು ಟೈಟಲಿಂಗ್ ಎನ್ನುತ್ತಾರೆ. ಅದಕ್ಕೆ ತಪ್ಪು ಸಾಬೀತಾಗಬೇಕಿಲ್ಲ, ನಂಬಬಹುದಾದ ಮಾಹಿತಿ ಇದ್ದರೆ ಸಾಕು. ಒಮ್ಮೆ ಹೋದ ಹೆಸರು ರಕ್ಷಣಾ ಇಲಾಖೆಯ ಸೂಚಿಯಲ್ಲಿ 40 ವರ್ಷ ಇರುತ್ತದೆ. ಕೋರ್ಟಿಗೆ ಹೋಗಿ ಗೆದ್ದರೂ ಇರುತ್ತದೆ, ಕೋರ್ಟಿಗೇ ಹೋಗದಿದ್ದರೂ ಇರುತ್ತದೆ.

2021ನೇ ಸಾಲಿನ ರಕ್ಷಣಾ ಕಾಯ್ದೆಯ 545ನೇ ಕಲಂ ಒಂದು ಕಿಂಡಿ ತೆರೆಯಿತು. ಸಾಕಷ್ಟು ಆಧಾರವಿಲ್ಲದೆ ಸೇರಿಸಿದ ಹೆಸರನ್ನು ತೆಗೆಸಲು ಅರ್ಜಿ ಹಾಕಬಹುದು. ನಾನೂ ಹಾಕಿದೆ. ಮುಂದಿನ ತಿಂಗಳ ಎಣಿಕೆಯ ಪ್ರತಿ, ರಜಾಯಿ ವಾಪಸ್ ಮಾಡಿದ ಚೀಟಿ, ನನ್ನದೇ ಎರಡು ಪುಟದ ವಿವರಣೆ ಎಲ್ಲ ಲಗತ್ತಿಸಿದೆ. ವಿವರಣೆಯಲ್ಲಿ ಡಾಲರ್ ಬರೆಯಲಿಲ್ಲ, ಬ್ಯಾಟರಿ ಎಣಿಸಿ ಬರೆದೆ. ಸುಮಾರು ನಲವತ್ತು. ಹತ್ತು ತಿಂಗಳ ಮೇಲೆ ಉತ್ತರ ಬಂತು. ಕಳ್ಳತನದ ಕಡೆಯಿಂದ ಹೆಸರು ತೆಗೆದಿದ್ದರು. ಸುಳ್ಳು ಹೇಳಿಕೆಯ ಕಡೆ ಹಾಗೇ ಇಟ್ಟಿದ್ದರು. ಆ ಶುಕ್ರವಾರದ ಮಟ್ಟಿಗೆ ನನಗೆ ಹೇಳುವುದಕ್ಕೆ ಜಾಸ್ತಿ ಏನಿಲ್ಲ.

ಆ ಹಸಿರು ರಜಾಯಿಯನ್ನು ಅಮ್ಮ 2019ರಲ್ಲೇ ಮಡಚಿ ಚೀಲಕ್ಕೆ ಹಾಕಿ, ಬಾಯಿಗೆ ಗಂಟು ಬಿಗಿದು, 'ತಗೊಂಡೋಗಿ ಅವರ ಮುಖಕ್ಕೆ ಎಸೆದು ಬಾ' ಎಂದಿದ್ದರು. ಈಗ ವಾಪಸ್ ಕೊಟ್ಟರೆ ಅದೂ ಒಂದು ಒಪ್ಪಿಗೆ ಆಗುತ್ತದೆ, ಮುಟ್ಟಬೇಡಿ ಎಂದು ಕ್ಯಾಪ್ಟನ್ ತಡೆದಿದ್ದರು. ಗ್ಯಾರೇಜಿನ ಮೂಲೆಯಲ್ಲಿ ಆ ಚೀಲ ಹಾಗೇ ಇತ್ತು. ಪತ್ರ ಬಂದ ದಿನ ಅಮ್ಮ ಕತ್ತರಿ ಹಿಡಿದುಕೊಂಡು ಬಂದು ಕೇಳಿದರು, 'ಇನ್ನಾದ್ರೂ ಇದನ್ನ ಒಗೆದು ಹಾಕ್ಲೇನೋ? ಚಳಿ ಶುರುವಾಗಿದೆ.'